ಮನೆಯವರ ಚಾಳಿ ಬಿಡಿಸುವ ಮೊದಲು ಒಂದು ವಹಿ ಇಡಿ

ನಮ್ಮ ಅತ್ತಿ ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತಾರೆ. ಬಾಗಲಕೋಟೆ ನವನಗರದ ನಮ್ಮ ಮನೆಯ ಬಾಗಿಲು ಏಳು ಅಡಿ ಎತ್ತರ. ಅತ್ತಿ ಐದಡಿಗೆ ಒಂದು ಬೆರಳು ಕಡಿಮೆ. ಆದರೂ ಅಡುಗೆಮನೆಗೆ ಹೋಗುವಾಗ, ದೇವರ ಕೋಣೆಗೆ ಹೋಗುವಾಗ, ಕೈಯಲ್ಲಿ ತುಂಬಿದ ಕೊಡ ಇದ್ದಾಗಲೂ ಕತ್ತು ಇಷ್ಟು ಮುಂದೆ ಬಾಗಿಯೇ ಬಾಗುತ್ತದೆ. ಈಗ ಅವರಿಗೆ ಎಪ್ಪತ್ತೆಂಟು. ಕುತ್ತಿಗೆಯ ಎಲುಬು ಸವೆದಿದೆ, ಕತ್ತು ಬಗ್ಗಿಸುವುದು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಹೀಗಾಗಿ ಆ ಚಾಳಿ ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಎರಡು ತಿಂಗಳು ದಿನಾ ಹೇಳಿದೆ. "ಅತ್ತೀ, ಬಗ್ಗಬ್ಯಾಡ್ರೀ, ಬಾಗಿಲಾ ಎತ್ತರ ಐತಿ." ಅವರು "ಹೂಂ" ಅನ್ನುವರು, ಮತ್ತೆ ಬಗ್ಗುವರು. ಒಂದು ದಿನ ಸಿಟ್ಟು ನೆತ್ತಿಗೇರಿ ಜೋರು ಮಾಡಿದೆ. ಅವತ್ತು ಮಧ್ಯಾಹ್ನ ಅತ್ತಿ ಊಟಕ್ಕೆ ಏಳಲಿಲ್ಲ.

ಆ ದಿನದಿಂದ ನಾನು ದಾರಿ ಬದಲಿಸಿದೆ. ನಾನು ಖಡಕ್ ರೊಟ್ಟಿ ಮಾಡಿ ಮಾರುವವಳು. ಮನೆಯ ಹಿಂದಿನ ಪತ್ರಾಸ್ ಶೆಡ್ಡಿನಲ್ಲಿ ನನ್ನ ಜೊತೆ ಐದು ಮಂದಿ ಹೆಣ್ಣುಮಕ್ಕಳು ಕೂತು ರೊಟ್ಟಿ ಬಡಿಯುತ್ತಾರೆ. ಮನೆ ಸೇರಿ ಹತ್ತು ಮಂದಿಯ ಹತ್ತು ಥರದ ಚಾಳಿಗಳ ನಡುವೆ ದಿನ ಕಳೆಯುತ್ತೇನೆ. ಕೆಲವನ್ನು ಬಿಡಿಸಿದ್ದೇನೆ, ಕೆಲವಕ್ಕೆ ಬೇರೆ ದಾರಿ ತೋರಿಸಿದ್ದೇನೆ, ಬಹಳಷ್ಟನ್ನು ಹಾಗೇ ಬಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಅಥವಾ ನೀವೇ ಇಂಥವರಾಗಿದ್ದರೆ, ನಾನು ಮಾಡಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲ ಹದಿನೈದು ದಿನ ಬಾಯಿ ಮುಚ್ಚಿ ಬರೆಯಿರಿ

ಒಂದು ನೂರು ಪುಟದ ವಹಿ ಸಾಕು. ಯಾರು, ಯಾವಾಗ, ಎಷ್ಟು ಸಲ, ಮಾಡಲು ಆಗದಿದ್ದರೆ ಏನಾಗುತ್ತದೆ, ಇವಿಷ್ಟನ್ನು ಬರೆಯಿರಿ. ಕೊನೆಯದು ಎಲ್ಲಕ್ಕಿಂತ ಮುಖ್ಯ. ನಮ್ಮ ಮನೆಯವರು ಟಿವಿ ರಿಮೋಟನ್ನು ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟು ಮೇಲಿಂದ ಒತ್ತುತ್ತಾರೆ. ಕವರು ತೆಗೆದಿಟ್ಟೆ, ಒಂದು ದಿನ ಹುಡುಕಿದರು, ಮರುದಿನ ಮರೆತರು. ಅದು ಹಗುರ ಚಾಳಿ. ಅದೇ ಮನುಷ್ಯ ಇಂಡಿಯಾ ಮ್ಯಾಚಿನ ದಿನ ಕೂತ ಕುರ್ಚಿಯಿಂದ ಎದ್ದರೆ ವಿಕೆಟ್ ಬೀಳುತ್ತದೆ ಅಂತ ಹಸಿವು ತಡೆದುಕೊಂಡು ಕೂಡುತ್ತಾರೆ. ಎಬ್ಬಿಸಿದರೆ ಮುಖ ಕೆಂಪಾಗುತ್ತದೆ. ಎರಡೂ ವಿಚಿತ್ರವೇ, ಆದರೆ ಎರಡರ ಬೇರು ಒಂದೇ ಆಳಕ್ಕೆ ಇಳಿದಿಲ್ಲ. ತಡೆದಾಗ ಏನಾಗುತ್ತದೆ ಅನ್ನುವುದನ್ನು ನೋಡಿದರೆ ಮಾತ್ರ ಇದು ತಿಳಿಯುತ್ತದೆ.

ವಹಿಯ ಮೊದಲ ಪುಟದಲ್ಲಿ ನಿಮ್ಮ ಚಾಳಿಯನ್ನೇ ಬರೆಯಿರಿ. ನಾನು ಬರೆದದ್ದು ಗ್ಯಾಸಿನದು, ಅದನ್ನು ಮುಂದೆ ಹೇಳುತ್ತೇನೆ. ಎರಡನೆಯದು ನಾಲಿಗೆಯದು. ನನ್ನ ತವರು ವಿಜಯಪುರ. 2014ರ ನವೆಂಬರ್ 1ರಿಂದ ಊರಿನ ಹೆಸರು ವಿಜಯಪುರ ಆಗಿದೆ, ನಾನು ಮಾತ್ರ ಕಂಡಕ್ಟರ್ ಮುಂದೆ ಬಂದ ಕೂಡಲೇ "ಬಿಜಾಪುರ ಒಂದು" ಅನ್ನುತ್ತೇನೆ. ಬರೆಯುವ ಮೊದಲು ಇದು ನನ್ನ ಗಮನಕ್ಕೇ ಬಂದಿರಲಿಲ್ಲ.

ನೋಡುವ ಕಣ್ಣು ಪಳಗಬೇಕಾದರೆ ಒಮ್ಮೆ ಗೋಳಗುಮ್ಮಟಕ್ಕೆ ಹೋಗಿ. ಮೂಲೆಯ ಏಳು ಅಂತಸ್ತಿನ ಗೋಪುರದ ಮೆಟ್ಟಿಲು ಹತ್ತಿ, ಗುಮ್ಮಟದ ಒಳಸುತ್ತಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಅರ್ಧ ತಾಸು ಗೋಡೆಗೆ ಆತು ಕೂತುಕೊಳ್ಳಿ. 1656ರಲ್ಲಿ ಮುಗಿದ ಕಟ್ಟಡ ಅದು. ಒಂದು ಚಪ್ಪಾಳೆಗೆ ಹಲವು ಚಪ್ಪಾಳೆ ವಾಪಸ್ ಕೊಡುತ್ತದೆ. ಬಂದವರು ಏನು ಮಾಡುತ್ತಾರೆ ನೋಡಿ. ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ತಮ್ಮ ಹೆಸರನ್ನೇ ತಾವು ಕೂಗಿಕೊಳ್ಳುತ್ತಾರೆ. ಊರಿನ ಹೆಸರಲ್ಲ, ದೇವರ ಹೆಸರಲ್ಲ, ತಮ್ಮದೇ. ನಾಚಿಕೆಯ ಹುಡುಗಿಯರೂ ಕೂಗುತ್ತಾರೆ, ಮೀಸೆಯ ಹಿರಿಯರೂ ಕೂಗುತ್ತಾರೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋದಾಗಲೆಲ್ಲ ನಾನೂ ಕೂಗಿದವಳೇ. ಅಲ್ಲಿ ಕೂತು ನೋಡಿದರೆ "ನಮ್ಮ ಮನೆಯವರಷ್ಟೇ ಹಿಂಗ" ಅನ್ನುವ ಬೇಸರ ಹೋಗುತ್ತದೆ. ಬೇಸರ ಹೋಗದೆ ಮುಂದಿನ ಕೆಲಸ ಆಗುವುದಿಲ್ಲ.

ಯಾಕೆ ಅಂತ ಕೇಳಬೇಡಿ, ಯಾವಾಗಿನಿಂದ ಅಂತ ಕೇಳಿ

"ಯಾಕ ಹಿಂಗ ಮಾಡ್ತಿ?" ಅಂದರೆ ಅದು ಬೈಗುಳದ ಹಾಗೆ ಕೇಳುತ್ತದೆ. ಎದುರಿನವರು ಬಾಯಿಗೆ ಬಂದ ಕಾರಣ ಹೇಳಿ ತಪ್ಪಿಸಿಕೊಳ್ಳುತ್ತಾರೆ. "ಇದು ಯಾವಾಗಿಂದ ರೂಢಿ ಆತು? ಯಾರ್ ಕಲಿಸಿದ್ರು?" ಅಂತ ಕೇಳಿದರೆ ಕಥೆ ಹೊರಗೆ ಬರುತ್ತದೆ. ಅದೂ ಕೈಯಲ್ಲಿ ಕೆಲಸ ಇದ್ದಾಗ ಕೇಳಬೇಕು. ಜೋಳದಲ್ಲಿ ಹಳ್ಳು ಆರಿಸುವಾಗ, ಮೆಂತ್ಯೆ ಸೊಪ್ಪು ಸೋಸುವಾಗ, ಇಬ್ಬರ ಕಣ್ಣೂ ಮೊರದ ಮೇಲೆ ಇರುವಾಗ. ಎದುರುಬದುರು ಕೂತು ಮುಖ ನೋಡಿ ಕೇಳಿದರೆ ಯಾರೂ ಹೇಳುವುದಿಲ್ಲ.

ನನ್ನ ಶೆಡ್ಡಿನಲ್ಲಿ ಒಬ್ಬಳಿದ್ದಾಳೆ, ಬೀಳಗಿ ಕಡೆಯವಳು. ಅವಳ ಕೈಯ ರೊಟ್ಟಿ ಕಾಗದದಷ್ಟು ತೆಳ್ಳಗೆ. ಬೆಳಿಗ್ಗೆ ಹಂಚು ಒಲೆಗೆ ಇಡುವ ಮೊದಲು ಅದನ್ನು ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು ಕಿವಿಗೊಡುತ್ತಾಳೆ. ಉಳಿದವರು ಇದು ಏನೋ ಮಾಟದ ಕಟ್ಟು ಅಂತ ಗುಸುಗುಸು ಮಾಡುತ್ತಿದ್ದರು. ಒಂದು ಸಂಜೆ ಹಿಟ್ಟು ಜರಡಿ ಹಿಡಿಯುತ್ತ ಕೇಳಿದೆ. "ನಮ್ಮವ್ವ ಬಡೀತಿದ್ಲಕ್ಕಾ" ಅಂದಳು. ಅವಳ ಅವ್ವನ ಕಾಲಕ್ಕೆ ಮನೆಯಲ್ಲಿದ್ದದ್ದು ಮಣ್ಣಿನ ಹಂಚು. ಮಣ್ಣಿನ ಹಂಚು ಎಲ್ಲೋ ಕೂದಲೆಳೆ ಬಿರುಕು ಬಿಟ್ಟಿದ್ದರೆ ಬಡಿದಾಗ ಟಣ್ ಅನ್ನದೆ ಬದ್ ಅನ್ನುತ್ತದೆ. ಅದನ್ನೇ ಒಲೆಗೆ ಇಟ್ಟರೆ ಅರ್ಧ ರೊಟ್ಟಿಗೆ ಎರಡು ಹೋಳು. ಈಗ ನಮ್ಮಲ್ಲಿರುವುದು ಕಬ್ಬಿಣದ ಹಂಚು, ಬಿರುಕಿನ ಮಾತೇ ಇಲ್ಲ. ಅವ್ವನ ಪರೀಕ್ಷೆ ಮಗಳ ಗೆಣ್ಣಿನಲ್ಲಿ ಉಳಿದಿದೆ. ಈ ಕಥೆ ಕೇಳಿದ ಮೇಲೆ ಶೆಡ್ಡಿನಲ್ಲಿ ಗುಸುಗುಸು ನಿಂತಿತು. ನಾನು ಆ ಚಾಳಿಯನ್ನು ಬಿಡಿಸಲಿಲ್ಲ. ಮೂರು ಬಡಿತಕ್ಕೆ ಎಷ್ಟು ಹೊತ್ತು ಬೇಕು?

ಅತ್ತಿಗೂ ಹಾಗೇ ಕೇಳಿದೆ, ಶೇಂಗಾ ಸುಲಿಯುವಾಗ. ಅವರು ಕೈ ನಿಲ್ಲಿಸದೆ ಹೇಳಿದರು: "ಹಳೇ ಮನಿ ಬಾಗಿಲಾ ಗಿಡ್ಡ ಇತ್ತವಾ. ಮದುವ್ಯಾಗಿ ಬಂದ ದಿನಾನ ಹಣಿ ಬಡಿಸಿಕೊಂಡೆ, ನೆತ್ತರಾ ಬಂತು. ನಮ್ಮ ಅತ್ತಿ ಅರಿಷಿಣ ಮೆತ್ತಿ, ಈ ಮನ್ಯಾಗ ಬಗ್ಗಿ ನಡೀಬೇಕವಾ ಅಂದ್ರು."

ಹಳೇ ಬಾಗಲಕೋಟೆಯ ಆ ಮನೆಗೆ ನಾನೂ 1999ರಲ್ಲಿ ಸೊಸೆಯಾಗಿ ಬಂದು ಮೂರು ವರ್ಷ ಬಾಳಿದ್ದೆ. ಆ ನಾಲ್ಕೂವರೆ ಅಡಿಯ ಬಾಗಿಲು ನನಗೆ ಪೂರಾ ಮರೆತುಹೋಗಿತ್ತು. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಘಟಪ್ರಭೆಯಗುಂಟ ಏರಿ ನಮ್ಮ ಓಣಿಯನ್ನು ತಗೊಂಡಿತು. 519.60 ಮೀಟರ್ ಅನ್ನುವ ಅಂಕಿ ನಮ್ಮೂರಿನಲ್ಲಿ ಮಕ್ಕಳಿಗೂ ಬಾಯಿಪಾಠ, ಜಲಾಶಯ ತುಂಬಿದಾಗ ನೀರು ನಿಲ್ಲುವ ಮಟ್ಟ ಅದು. ನಮಗೆ ಸರ್ಕಾರ ನವನಗರದಲ್ಲಿ ಸೆಕ್ಟರ್ ನಂಬರಿನ ಜಾಗ ಕೊಟ್ಟಿತು. ಮನೆ ಎತ್ತರ ಕಟ್ಟಿಸಿದೆವು, ಬಾಗಿಲು ಎತ್ತರ ಇಟ್ಟೆವು. ಎರಡು ತಿಂಗಳು ನಾನು ಅತ್ತಿಗೆ ಬಾಗಿಲಿನ ಎತ್ತರ ಹೇಳಿದ್ದೇ ಹೇಳಿದ್ದು. ಅವರ ಕುತ್ತಿಗೆಗೆ ಗೊತ್ತಿದ್ದದ್ದು ಬೇರೆ ಬಾಗಿಲು.

ಹಾಗೇ ಬಿಡಬಹುದಾದವು

ಹೊರಟವರಿಗೆ "ಎಲ್ಲಿಗೆ" ಅನ್ನಬಾರದು, "ದೂರ ಹೊಂಟೀರೇನು" ಅನ್ನಬೇಕು. "ಹೋಗ್ತೀನಿ" ಅಲ್ಲ, "ಹೋಗಿ ಬರ್ತೀನಿ". ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತವೆ. ಇವು ಯಾರಿಗೂ ಕಾಸಿನ ಖರ್ಚಲ್ಲ, ಒಬ್ಬರು ಇನ್ನೊಬ್ಬರ ಕೇಡು ಬಯಸುವುದಿಲ್ಲ ಅನ್ನುವುದನ್ನು ದಿನಕ್ಕೆ ಹತ್ತು ಸಲ ಹೇಳುವ ರೀತಿ. ಮುಟ್ಟಬೇಡಿ.

ಖರ್ಚು ತರುವುದಾದರೆ ಮಾತ್ರ ಸಣ್ಣ ತಿದ್ದುಪಡಿ ಮಾಡಿ. ಜೋಳ ಅಳೆಯುವಾಗ ಮೊದಲ ಸೇರಿಗೆ "ಒಂದು" ಅನ್ನದೆ "ಲಾಭ" ಅನ್ನುವುದು ನಮ್ಮ ಕಡೆ ರೂಢಿ. ನಮ್ಮ ಶೆಡ್ಡಿನಲ್ಲಿ ರೊಟ್ಟಿಯ ಕಟ್ಟನ್ನೂ ಹಾಗೇ ಎಣಿಸುತ್ತೇವೆ: ಲಾಭ, ಎರಡು, ಮೂರು. ಹೊಸದಾಗಿ ಬಂದ ಹುಡುಗಿಯೊಬ್ಬಳು ಲಾಭ, ಒಂದು, ಎರಡು ಅಂತ ಎಣಿಸಿ ಒಂದು ವಾರ ಪ್ರತಿ ಗಿರಾಕಿಗೆ ಒಂದು ಕಟ್ಟು ಹೆಚ್ಚು ಕೊಟ್ಟುಬಿಟ್ಟಳು. ಈಗ ಬಾಯಿಂದ ಲಾಭ ಅನ್ನುವಾಗಲೇ ಹಲಗೆಯ ಮೇಲೆ ಒಂದು ಗೀಟು ಎಳೆಯುತ್ತೇವೆ. ರೂಢಿಯೂ ಉಳಿಯಿತು, ಲೆಕ್ಕವೂ ಸರಿಯಾಯಿತು.

ಮತ್ತೆ ಮತ್ತೆ ನೋಡಿ ಬರುವವರಿಗೆ

ಇದರ ಬಗ್ಗೆ ಹೆಚ್ಚು ಹೇಳುವುದಿದೆ, ಯಾಕೆಂದರೆ ಇದು ನನ್ನದು. ಶೆಡ್ಡಿನಲ್ಲಿ ಮೂರು ಸಿಲಿಂಡರ್ ಇವೆ. ಮೂರನ್ನೂ ಬಂದ್ ಮಾಡಿ, ಕೀಲಿ ಹಾಕಿ, ಬಸ್ ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಎದೆಯಲ್ಲಿ ಒಂದು ಪ್ರಶ್ನೆ ಏಳುತ್ತಿತ್ತು: ಬಂದ್ ಮಾಡೀನೋ ಇಲ್ಲೋ? ಆಟೋ ಹಿಡಿದು ವಾಪಸ್ ಬಂದು ನೋಡಿದರೆ ಬಂದ್ ಇರುತ್ತಿತ್ತು. ಒಮ್ಮೆ ತಂಗಿಯ ಮಗಳ ತೊಟ್ಟಿಲ ಕಾರ್ಯಕ್ಕೆ ಹೊರಟವಳು ಎರಡು ಸಲ ತಿರುಗಿ ಬಂದು, ಮೂರನೇ ಬಸ್ ಹತ್ತಿ, ಹೆಸರಿಟ್ಟಾದ ಮೇಲೆ ಹೋಗಿ ಮುಟ್ಟಿದೆ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ನಾನೇ ಆಗಿದ್ದೆ.

ಮೊದಲು ತಿಳಿದುಕೊಳ್ಳಬೇಕಾದ್ದು, ನೆನಪು ಯಾಕೆ ಕೈಕೊಡುತ್ತದೆ ಅನ್ನುವುದು. ದಿನಾ ಮಾಡುವ ಕೆಲಸವನ್ನು ಕೈ ತಾನೇ ಮಾಡಿಬಿಡುತ್ತದೆ, ಮನಸ್ಸು ಆಗ ಬಸ್ಸಿನ ಟೈಮಿನಲ್ಲೋ ಸಾಲದ ಕಂತಿನಲ್ಲೋ ಇರುತ್ತದೆ. ಇವತ್ತು ಬಂದ್ ಮಾಡಿದ್ದು, ನಿನ್ನೆ ಬಂದ್ ಮಾಡಿದ್ದು, ಮೊನ್ನೆಯದು, ಎಲ್ಲವೂ ಒಂದರ ಮೇಲೊಂದು ಕೂತು ಯಾವುದು ಯಾವುದೋ ತಿಳಿಯದಂತಾಗುತ್ತದೆ. ಹಾಗಾದರೆ ಇನ್ನೊಮ್ಮೆ ನೋಡಿದರೆ ಗಟ್ಟಿಯಾಗಬೇಕಲ್ಲ ಅಂತ ಅನಿಸುತ್ತದೆ. ಆಗುವುದು ಅದರ ಉಲ್ಟಾ. 2003ರಲ್ಲಿ ನೆದರ್ಲ್ಯಾಂಡ್ಸಿನ ವಾನ್ ಡೆನ್ ಹೌಟ್ ಮತ್ತು ಕಿಂಟ್ ಎಂಬ ಇಬ್ಬರು ಸಂಶೋಧಕರು ಕಂಪ್ಯೂಟರ್ ಪರದೆಯ ಮೇಲೆ ಗ್ಯಾಸ್ ಒಲೆ ತೋರಿಸಿ, ಜನರಿಂದ ಅದನ್ನು ಹಚ್ಚಿಸಿ, ಬಂದ್ ಮಾಡಿಸಿ, ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರು. ಹಾಗೆ ಪದೇ ಪದೇ ನೋಡಿದವರ ನೆನಪು ಮಸುಕಾಯಿತು, ಆ ನೆನಪಿನ ಮೇಲಿನ ನಂಬಿಕೆಯೂ ಕುಸಿಯಿತು. ನಾನು ವಾಪಸ್ ಬಂದು ನೋಡಿದಷ್ಟೂ ಮುಂದಿನ ಸಲದ ಅನುಮಾನಕ್ಕೆ ನಾನೇ ನೀರು ಹಾಕುತ್ತಿದ್ದೆ.

ಹೀಗೆ ಮಾಡಿ. ಬಂದ್ ಮಾಡುವುದನ್ನು ಒಂದೇ ಸಲ ಮಾಡಿ, ಆದರೆ ಅವತ್ತಿನದು ಅಂತ ಗುರುತು ಉಳಿಯುವಂತೆ ಮಾಡಿ. ನಾನು ವಾಲ್ವಿನ ಮೇಲೆ ಕೈ ಇಟ್ಟು, ಬಾಯಿ ಬಿಟ್ಟು, ಅವತ್ತಿನ ಪಲ್ಯದ ಹೆಸರು ಸೇರಿಸಿ ಹೇಳುತ್ತೇನೆ: "ಇವತ್ತ ಮುಳಗಾಯಿ, ಮೂರೂ ಬಂದ್." ನಾಳೆ ಹೀರೇಕಾಯಿ, ನಾಡಿದ್ದು ಪುಂಡಿಪಲ್ಯ. ದಾರಿಯಲ್ಲಿ ಅನುಮಾನ ಬಂದರೆ ಮುಳಗಾಯಿ ನೆನಪಾಗುತ್ತದೆ, ಅದರ ಹಿಂದೆಯೇ ಬಂದ್ ಅನ್ನುವ ನನ್ನ ದನಿಯೂ ನೆನಪಾಗುತ್ತದೆ. ಜಪಾನಿನ ರೈಲ್ವೆ ನೌಕರರು ಸಿಗ್ನಲ್ಲಿನತ್ತ ಬೆರಳು ಮಾಡಿ ಅದರ ಸ್ಥಿತಿಯನ್ನು ಗಟ್ಟಿಯಾಗಿ ಹೇಳುತ್ತಾರೆ, ಕೈ, ಕಣ್ಣು, ಬಾಯಿ, ಕಿವಿ ನಾಲ್ಕೂ ಸೇರಿದರೆ ತಪ್ಪು ಕಡಿಮೆ ಅಂತ. ಇದೂ ಅದೇ ರೀತಿ.

ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ ಅಂತ ಮಗಳು ಹೇಳಿದಳು. ಮಾಡಿದೆ. ಬಸ್ಸಿನಲ್ಲಿ ಫೋಟೋವನ್ನೇ ಇಪ್ಪತ್ತು ಸಲ ತೆಗೆದು ನೋಡಿದೆ, ಇದು ಇವತ್ತಿನದೋ ನಿನ್ನೆಯದೋ ಅಂತ. ಆದ್ದರಿಂದ ಫೋಟೋ ಬೇಡ ಅಂತಲೇ ಹೇಳುತ್ತೇನೆ. ಹಾಗೆಯೇ ಮನೆಯವರನ್ನು ಕೇಳುವುದೂ ಬೇಡ. ನಿಮ್ಮ ಮನೆಯಲ್ಲಿ ಯಾರಾದರೂ "ಕೀಲಿ ಹಾಕೀನಲ್ಲ?" ಅಂತ ಕೇಳಿದರೆ ಒಂದು ಸಲ ಹೌದು ಅನ್ನಿ. ಎರಡನೇ ಸಲ ಕೇಳಿದರೆ "ಆಗಲೇ ಹೇಳೀನಿ, ಈಗ ಚಾ ಕುಡಿಯೋಣು" ಅಂತ ಮಾತು ತಿರುಗಿಸಿ. ಹತ್ತು ಸಲ ಸಮಾಧಾನ ಹೇಳುವುದು ಪ್ರೀತಿಯಿಂದಲೇ ಇರಬಹುದು, ಅದರಿಂದ ಹನ್ನೊಂದನೇ ಪ್ರಶ್ನೆ ಹುಟ್ಟುತ್ತದೆ.

ಇನ್ನು ತಿರುಗಿ ಹೋಗಬೇಕು ಅನ್ನುವ ಚಡಪಡಿಕೆ. ಅದು ಬರುತ್ತದೆ, ಏರುತ್ತದೆ, ತಾನೇ ಇಳಿಯುತ್ತದೆ. ಇಳಿಯುವ ಮೊದಲೇ ನಾವು ತಿರುಗಿ ಹೋಗಿಬಿಡುವುದರಿಂದ ಇಳಿಯುತ್ತದೆ ಅನ್ನುವುದೇ ನಮಗೆ ಗೊತ್ತಾಗಿರುವುದಿಲ್ಲ. ನಾನು ಅದನ್ನು ವಿಜಯಪುರದ ಬಸ್ಸಿನಲ್ಲಿ ಅಳೆದೆ. ಮೊದಲ ಸಲ ಎದೆ ಹೊಡೆದುಕೊಳ್ಳುವುದು ನಿಂತದ್ದು ಕೊಲ್ಹಾರದ ಸೇತುವೆಯ ಮೇಲೆ, ಪಕ್ಕದಲ್ಲಿದ್ದ ಅಜ್ಜಿ ಕಿಟಕಿಯಿಂದ ಕೃಷ್ಣೆಗೆ ನಾಣ್ಯ ಹಾಕಿ ಕೈ ಮುಗಿದಾಗ. ಮುಂದಿನ ತಿಂಗಳು ಅನಗವಾಡಿಯಲ್ಲೇ ನಿಂತಿತು. ನಾಲ್ಕನೇ ಸಲ ಗದ್ದನಕೇರಿ ಕ್ರಾಸ್ ಬರುವಷ್ಟರಲ್ಲಿ ನಾನು ಬೇರೆ ಯೋಚನೆಯಲ್ಲಿದ್ದೆ. ಯಾವ ಊರು ದಾಟುವಾಗ ಸಮಾಧಾನ ಆಯಿತು ಅಂತ ವಹಿಯಲ್ಲಿ ಬರೆದಿಡಿ. ಕಡಿಮೆಯಾಗುತ್ತ ಬಂದದ್ದು ಕಣ್ಣಿಗೆ ಕಂಡರೆ ಧೈರ್ಯ ಬರುತ್ತದೆ.

ಪರೀಕ್ಷೆಯ ಪೆನ್ನು, ಮ್ಯಾಚಿನ ಕುರ್ಚಿ

1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಹಸಿದ ಪಾರಿವಾಳಗಳನ್ನು ಪಂಜರದಲ್ಲಿಟ್ಟು, ಅವು ಏನೇ ಮಾಡಲಿ ಬಿಡಲಿ, ಗೊತ್ತಾದ ಹೊತ್ತಿಗೊಮ್ಮೆ ಕಾಳು ಬರುವ ಹಾಗೆ ಮಾಡಿದರು. ಕಾಳು ಬಂದ ಗಳಿಗೆಯಲ್ಲಿ ಒಂದು ಹಕ್ಕಿ ಸುತ್ತು ತಿರುಗುತ್ತಿತ್ತು, ಇನ್ನೊಂದು ತಲೆಯನ್ನು ಮೂಲೆಗೆ ಚಾಚಿತ್ತು. ಕ್ರಮೇಣ ಅವು ಅದನ್ನೇ ಮಾಡುತ್ತ ಕೂತವು, ಅದರಿಂದಲೇ ಕಾಳು ಬರುತ್ತದೆ ಅನ್ನುವ ಹಾಗೆ. ಮ್ಯಾಚಿನ ಕುರ್ಚಿಯದೂ ಇದೇ ಹುಟ್ಟು. ಒಮ್ಮೆ ಆ ಕುರ್ಚಿಯಲ್ಲಿ ಕೂತಾಗ ಇಂಡಿಯಾ ಗೆದ್ದಿತ್ತು.

ನಮ್ಮ ಮಗನಿಗೆ ಒಂದು ನೀಲಿ ಪೆನ್ನು. ಒಂಬತ್ತನೇ ಇಯತ್ತೆಯಲ್ಲಿ ಅದರಿಂದ ಬರೆದು ಗಣಿತದಲ್ಲಿ ಹೆಚ್ಚು ಮಾರ್ಕು ಬಂದಿದ್ದವು. ಎಸ್ಸೆಸ್ಸೆಲ್ಸಿಯಲ್ಲಿ ಎರಡನೇ ದಿನ ಅದು ಸೋರಿತು. ಹುಡುಗ ಪರೀಕ್ಷೆಗೆ ಹೋಗುವುದಿಲ್ಲ ಅಂತ ಹೊಸ್ತಿಲ ಮೇಲೆ ಕೂತು ಅತ್ತ. ಇಂಥ ಹೊತ್ತಿನಲ್ಲಿ ಮೂಢನಂಬಿಕೆಯ ಭಾಷಣ ಬೇಡ. ನಾನು ಆ ಪೆನ್ನನ್ನು ಒರೆಸಿ ಅವನ ಜೇಬಿಗೆ ಹಾಕಿದೆ, ಬರೆಯಲು ಬೇರೆ ಎರಡು ಪೆನ್ನು ಕೊಟ್ಟೆ. ಹೋದ, ಬರೆದ. ರಜೆಯಲ್ಲಿ, ಅಂಜಿಕೆ ಇಲ್ಲದಾಗ, ದಿನಕ್ಕೊಂದು ಪೆನ್ನಿನಲ್ಲಿ ಒಂದೊಂದು ಲೆಕ್ಕ ಬಿಡಿಸಿ ನೋಡು ಅಂದೆ. ಹತ್ತು ಪೆನ್ನಿನಲ್ಲೂ ಲೆಕ್ಕ ಸರಿ ಬಂದ ಮೇಲೆ ನೀಲಿ ಪೆನ್ನು ತಾನೇ ಡ್ರಾಯರಿನಲ್ಲಿ ಉಳಿಯಿತು. ಪರೀಕ್ಷೆಯ ಹಿಂದಿನ ದಿನ ಯಾರ ಕೈಯಿಂದಲೂ ಏನನ್ನೂ ಕಸಿಯಬೇಡಿ. ಕಲಿಸುವುದೆಲ್ಲ ರಜೆಯಲ್ಲಿ.

ದೇಹಕ್ಕೆ ನೋವಾಗುವ ಚಾಳಿ

ಉಗುರು ಕಚ್ಚುವುದು, ಕೂದಲು ಕೀಳುವುದು, ನಮ್ಮ ಅತ್ತಿಯ ಕತ್ತು. ಬೇಡ ಅಂದರೆ ಇವು ಹೋಗುವುದಿಲ್ಲ, ಅದೇ ಜಾಗದಲ್ಲಿ ಇನ್ನೊಂದು ಕೆಲಸ ಇಡಬೇಕು. 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬ ಮನೋವಿಜ್ಞಾನಿಗಳು ಈ ಕ್ರಮವನ್ನು ಬರೆದಿಟ್ಟರು: ಚಾಳಿ ಶುರುವಾಗುವ ಗಳಿಗೆಯನ್ನು ಗುರುತಿಸು, ಕೂಡಲೇ ಅದರ ಜೊತೆ ಮಾಡಲಾಗದ ಬೇರೆ ಚಲನೆ ಮಾಡು. ಮಗಳು ಉಗುರು ಬಾಯಿಗೆ ಒಯ್ಯುವಾಗ ಮುಷ್ಟಿ ಬಿಗಿ ಹಿಡಿಯುವುದನ್ನು ಕಲಿತಳು, ಎರಡು ತಿಂಗಳಲ್ಲಿ ಉಗುರು ಬೆಳೆದವು.

ಅತ್ತಿಗೆ ಚೌಕಟ್ಟು ಮುಟ್ಟುವುದನ್ನು ರೂಢಿ ಮಾಡಿಸಿದೆ. ಬಾಗಿಲ ಬಳಿ ಬಂದ ಕೂಡಲೇ ಬಲಗೈ ಎತ್ತಿ, ತಲೆಗಿಂತ ಮೇಲೆ ಚೌಕಟ್ಟಿನ ಪಟ್ಟಿಗೆ ಬೆರಳು ತಾಗಿಸಿ, ಅದನ್ನು ನೋಡುತ್ತ ಒಳಗೆ ಬರಬೇಕು. ಗುರುತಿಗೆ ಅಲ್ಲಿ ಕುಂಕುಮದ ಬೊಟ್ಟು ಇಟ್ಟಿದ್ದೇನೆ. ಕಣ್ಣು ಮೇಲೆ ಹೋದರೆ ಕತ್ತು ಬಗ್ಗುವುದಿಲ್ಲ. ಹತ್ತರಲ್ಲಿ ಆರು ಸಲ ಆಗುತ್ತದೆ, ನಾಲ್ಕು ಸಲ ಹಳೇ ಬಾಗಿಲೇ ಗೆಲ್ಲುತ್ತದೆ. ಆರು ಸಾಕು.

ಮನೆಯ ಮದ್ದು ಸಾಲದ ಕಡೆ

ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಹೊತ್ತು ತೊಳೆಯುವುದರಲ್ಲೋ ಎಣಿಸುವುದರಲ್ಲೋ ನೋಡಿ ಬರುವುದರಲ್ಲೋ ಹೋಗುತ್ತಿದ್ದರೆ, ಶಾಲೆ ಅಥವಾ ಕೆಲಸ ತಪ್ಪುತ್ತಿದ್ದರೆ, ಮಾಡುವವರಿಗೇ ಅದು ಬೇಡವಾಗಿದ್ದೂ ನಿಲ್ಲಿಸಲಾಗದಿದ್ದರೆ, ಅದು ಚಾಳಿಯ ಗಡಿ ದಾಟಿದೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ಕಾಲೇಜಿನ ಹುಡುಗಿ ಬಚ್ಚಲಿಗೆ ಹೋದರೆ ಎರಡು ತಾಸು ಹೊರಗೆ ಬರುತ್ತಿರಲಿಲ್ಲ, ಬೆರಳ ಸಂದು ಬಿರಿದು ರಕ್ತ ಬರುತ್ತಿತ್ತು. ಮನೆಯವರು ಮಡಿ ಅಂದುಕೊಂಡು ಮೊದಲು ಹೆಮ್ಮೆ ಪಟ್ಟರು, ಆಮೇಲೆ ಬೈದರು. ಅದು ಗೀಳು ಕಾಯಿಲೆ. ಅದಕ್ಕೆ ಮಾತ್ರೆ ಇದೆ, ಅಂಜಿಕೆ ತರುವುದನ್ನು ಎದುರಿಸಿಯೂ ತೊಳೆಯದೆ ತಡೆದುಕೊಳ್ಳುವುದನ್ನು ಸ್ವಲ್ಪ ಸ್ವಲ್ಪವೇ ಕಲಿಸುವ ಚಿಕಿತ್ಸೆ ಇದೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ತೋರಿಸಿದರು. ತಿಂಗಳುಗಳು ಹಿಡಿದವು, ಹುಡುಗಿ ಮತ್ತೆ ಕಾಲೇಜಿಗೆ ಹೋದಳು. ಹೋಗಿ ತೋರಿಸಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.

ವಹಿಯನ್ನು ಎಲ್ಲೆಂದರಲ್ಲಿ ಇಡಬೇಡಿ. ನಾನು ಜೋಳದ ಡಬ್ಬಿಯ ಹಿಂದೆ ಇಟ್ಟಿದ್ದೆ. ಹೋದ ಶ್ರಾವಣದಲ್ಲಿ ಮನೆ ಸಾರಿಸುವಾಗ ಅತ್ತಿಯ ಕೈಗೆ ಸಿಕ್ಕಿತು. ಅವರಿಗೆ ಓದಲು ಬರುವುದಿಲ್ಲ, ಮೊಮ್ಮಗಳನ್ನು ಕೂಡಿಸಿಕೊಂಡು ಪೂರಾ ಓದಿಸಿದ್ದಾರೆ. ನಾನು ಶೆಡ್ಡಿನಿಂದ ಒಳಗೆ ಬಂದಾಗ ಇಬ್ಬರೂ ಪಡಸಾಲೆಯಲ್ಲಿ ಕೂತಿದ್ದರು, ವಹಿ ನಡುವೆ ತೆರೆದಿತ್ತು. ನನಗೆ ಕಾಲು ಮುಂದೆ ಬರಲಿಲ್ಲ.

"ಎಲ್ಲಾ ಬಾಗಿಲದಾಗೂ ಬಗ್ಗತಾರ ಅಂತ ಬರದೀಯಲ್ಲವಾ, ಅದು ತಪ್ಪೈತಿ" ಅಂದರು ಅತ್ತಿ. "ಬಚ್ಚಲ ಬಾಗಿಲದಾಗ ನಾ ಬಗ್ಗಂಗಿಲ್ಲ. ನೀ ನೋಡು ಬೇಕಾದ್ರ. ಹಳೇ ಮನ್ಯಾಗ ಬಚ್ಚಲಕ್ಕ ಬಾಗಿಲಾ ಎಲ್ಲಿತ್ತು? ಗೋಣಿತಟ್ಟಿನ ಪರದೆ ಇತ್ತು."

ಮರುದಿನ ಬೆಳಿಗ್ಗೆ ನೋಡಿದೆ. ಹೌದು, ಬಚ್ಚಲಿಗೆ ಅವರು ನೆಟ್ಟಗೇ ಹೋಗುತ್ತಾರೆ, ಎಡಗೈ ಮಾತ್ರ ಪರದೆ ಸರಿಸುವ ಹಾಗೆ ಒಂದಿಷ್ಟು ಪಕ್ಕಕ್ಕೆ ಹೋಗುತ್ತದೆ. ವಹಿಯಲ್ಲಿ ಹಳೆಯ ಸಾಲು ಹೊಡೆದು ಹಾಗೇ ಬರೆದುಕೊಂಡೆ.